ಸಾಯಬಾರದ ಸಾಲು

ಇನ್‌ಕ್ಯುಬೇಟರ್ ಬಾಗಿಲು ತೆಗೆದರೆ 37 ಡಿಗ್ರಿಯ ತೇವದ ಬಿಸಿ ಮುಖಕ್ಕೆ ಬಡಿಯುತ್ತದೆ. ಗ್ಲೌಸಿಗೆ ಸ್ಪಿರಿಟ್ ಸಿಂಪಡಿಸಿಕೊಂಡು ಪ್ಲೇಟನ್ನು ಹೊರಗೆ ತೆಗೆಯಿರಿ, ಅಲುಗಾಡಿಸಬೇಡಿ. ಅಂಗೈಯಗಲದ ಪ್ಲಾಸ್ಟಿಕ್, 96 ಗುಳಿ. ಅಂಚಿನ ಗುಳಿಗಳಲ್ಲಿ ಬರೀ ಉಪ್ಪುನೀರು. ಅಲ್ಲಿ ಬೇಗ ಆವಿಯಾಗುತ್ತದೆಂದು ಆ ಜಾಗವನ್ನು ಯಾರೂ ನಂಬುವುದಿಲ್ಲ. ಒಳಗೆ, ಮೇಲಿನ ಸಾಲುಗಳಲ್ಲಿರುವುದು ಕೆ562. ಮೈಲಾಯ್ಡ್ ಲ್ಯುಕೇಮಿಯಾ ಇದ್ದ ಮಹಿಳೆಯೊಬ್ಬರಿಂದ 1970ರ ದಶಕದಲ್ಲಿ ಪಡೆದ ಈ ಕೋಶಗಳು ಇವತ್ತಿಗೂ ಬೆಳೆಯುತ್ತಲೇ ಇವೆ. ಎಡದಿಂದ ಬಲಕ್ಕೆ ಪ್ರಮಾಣ ಏರಿಸುತ್ತ ಇಮ್ಯಾಟಿನಿಬ್ ಹಾಕಿ 72 ಗಂಟೆಯಾಯಿತು. ಎಡತುದಿಗೆ ಔಷಧಿ ಇಲ್ಲ, ಅದನ್ನು ಕರಗಿಸಿದ ದ್ರಾವಕವಷ್ಟೇ.

ಬೆಳಕಿಗೆ ಹಿಡಿಯಿರಿ. ಎಡಗಡೆ ದ್ರವ ಹಳದಿಗೆ ತಿರುಗಿದೆ. ಚೆನ್ನಾಗಿ ತಿಂದ ಕೋಶಗಳು ಆಮ್ಲ ಬಿಟ್ಟಿವೆ. ಬಲಕ್ಕೆ ಹೋದಂತೆ ಮೊದಲಿನ ಗುಲಾಬಿಯೇ ಉಳಿದಿದೆ. ಮೈಕ್ರೋಸ್ಕೋಪಿನಡಿ ಎಡಗಡೆಯವು ಬೆಂದ ಸಾಬಕ್ಕಿಯಂತೆ ದುಂಡಗೆ, ಒತ್ತೊತ್ತಾಗಿ. ಬಲಗಡೆಯವು ಮುರುಟಿ ಚೂರಾಗಿವೆ.

ಇಷ್ಟಕ್ಕೇ ಹಿಗ್ಗಬೇಕಿಲ್ಲ. ಕೋಶ ಕೊಲ್ಲುವುದೇನು ಹೆಚ್ಚುಗಾರಿಕೆ? ಬ್ಲೀಚಿಂಗ್ ಪುಡಿಯೂ ಕೊಲ್ಲುತ್ತದೆ. ಕಣ್ಣಿಡಬೇಕಾದ್ದು ಕೆಳಗಿನ ಸಾಲಿನ ಮೇಲೆ: ಎಚ್‌ಎಲ್‌60. ಅದೂ ಲ್ಯುಕೇಮಿಯಾವೇ, ಆದರೆ ಕೆ562ರಲ್ಲಿರುವ ಬಿಸಿಆರ್-ಎಬಿಎಲ್ ಎಂಬ ಬೆರಕೆ ಕಿಣ್ವ ಅದರಲ್ಲಿಲ್ಲ. 9 ಮತ್ತು 22ನೇ ಕ್ರೋಮೋಸೋಮುಗಳು ತುಂಡು ಅದಲುಬದಲು ಮಾಡಿಕೊಂಡಾಗ ಹುಟ್ಟುವ ಈ ಕಿಣ್ವಕ್ಕೆ, ಬೆಳೆಯೆಂದು ಕೂಗುವುದೊಂದೇ ಗೊತ್ತು. ಶಕ್ತಿ ಹೊತ್ತು ತರುವ ಎಟಿಪಿ ಕೂರುವ ಜಾಗದಲ್ಲಿ ಇಮ್ಯಾಟಿನಿಬ್ ತಾನೇ ಕೂತು ಅದರ ಬಾಯಿ ಕಟ್ಟುತ್ತದೆ.

ಎಂಟಿಟಿ ಹಾಕಿ ನಾಲ್ಕು ಗಂಟೆ ಕಾಯಿರಿ. ಬದುಕಿರುವ ಕೋಶ ಈ ಹಳದಿ ಬಣ್ಣವನ್ನು ನೇರಳೆ ಹರಳಾಗಿಸುತ್ತದೆ. ಇವು ತೇಲುವ ಕೋಶಗಳು. ಪ್ಲೇಟನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸದೆ ದ್ರವ ಹೀರಿದರೆ ಹರಳೂ ಹೋಯಿತು, ಮೂರು ದಿನದ ದುಡಿಮೆಯೂ ಹೋಯಿತು. ಹರಳು ಕರಗಿಸಿ ರೀಡರಿಗೆ ಕೊಡಿ, 570 ನ್ಯಾನೊಮೀಟರ್. ಒಂದು ಮೈಕ್ರೊಮೋಲಾರ್ ಹೊತ್ತಿಗೆ ಕೆ562ರ ನೇರಳೆ ಬಹುಪಾಲು ಹೋಗಿದೆ. ಅಷ್ಟೇ ಔಷಧಿ ಕುಡಿದ ಎಚ್‌ಎಲ್‌60 ಗಾಢ ನೇರಳೆಯಾಗಿಯೇ ಇದೆ.

1996ರಲ್ಲಿ ಬ್ರಯಾನ್ ಡ್ರುಕರ್, ನಿಕೋಲಸ್ ಲೈಡನ್ ಮತ್ತು ಸಂಗಡಿಗರು ರೋಗಿಗಳ ಕೋಶಗಳಲ್ಲಿ ಕಂಡದ್ದೂ ಈ ಭೇದವನ್ನೇ: ಬಿಸಿಆರ್-ಎಬಿಎಲ್ ಇದ್ದ ಕಾಲೊನಿಗಳು ಶೇ. 92ರಿಂದ 98ರಷ್ಟು ಇಳಿದವು, ಆರೋಗ್ಯವಂತ ಕಾಲೊನಿಗಳು ಹಾಗೇ ಉಳಿದವು. 2001ರ ಮೇ ತಿಂಗಳಲ್ಲಿ ಅಮೆರಿಕ ಔಷಧಿಗೆ ಒಪ್ಪಿಗೆ ಕೊಟ್ಟಿತು.

ಇನ್ನೊಂದು ಸಾಲು ಉಳಿಯಿತು. ಇಲಿಯ ಕೋಶಕ್ಕೆ ಅದೇ ಕಿಣ್ವ ಸೇರಿಸಿದ್ದು, ಆದರೆ 315ನೇ ಸ್ಥಾನದಲ್ಲಿ ಥ್ರಿಯೊನಿನ್ ಬದಲು ಐಸೊಲ್ಯೂಸಿನ್. ಆ ಒಂದು ಬದಲಾವಣೆ ಸಾಕು, ಇಮ್ಯಾಟಿನಿಬ್‌ಗೆ ಅಲ್ಲಿ ಜಾಗವಿಲ್ಲ. ಇದು ಸಾಯಬೇಕಾಗಿದ್ದ ಸಾಲು, ಉದ್ದಕ್ಕೂ ನೇರಳೆ. ನಾಳೆಯ ಪ್ಲೇಟಿಗೆ, ಈ ಬದಲಾವಣೆಯಿದ್ದರೂ ಅಲ್ಲಿ ಕೂರಬಲ್ಲ ಪೊನಾಟಿನಿಬ್ ತೂಗಿಡಬೇಕು.