ಹಲ್ಲು ಕಟ್ಟಿಸುವುದರಿಂದ ಮೂಳೆ ಕಟ್ಟಿಸುವವರೆಗೆ

ಹಲ್ಲು ಕಿತ್ತ ಮೇಲೆ ಅದರ ಬೇರನ್ನು ಹಿಡಿದಿದ್ದ ದವಡೆಯ ಮೂಳೆ ಕರಗತೊಡಗುತ್ತದೆ. ಮೊದಲ ವರ್ಷದಲ್ಲೇ ಆ ಜಾಗದ ಅಗಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆ ನಷ್ಟದ ಬಹುಪಾಲು ಆಗುವುದು ಮೊದಲ 3 ತಿಂಗಳಲ್ಲಿ. ಕೊರಟಗೆರೆ ತಾಲ್ಲೂಕಿನ ಕೊಳಾಲ ಹೋಬಳಿಯಲ್ಲಿ ಬಹುಕಾಲ ಇದು ಯಾರ ಲೆಕ್ಕಕ್ಕೂ ಬರಲಿಲ್ಲ. ಕಾರಣ ತಟ್ಟೆಯಲ್ಲೇ ಇತ್ತು. ರಾಗಿ ಮುದ್ದೆಯನ್ನು ಅಗಿಯುವವರಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತಾರೆ. ಎಲೆಅಡಿಕೆಗೆ ಕುಟ್ಟಾಣಿ ಇತ್ತು. ಬೊಚ್ಚು ಬಾಯಲ್ಲೇ ಹತ್ತಿಪ್ಪತ್ತು ವರ್ಷ ಕಳೆದ ಹಿರಿಯರಿಗೆ ಹಲ್ಲು ಕಟ್ಟಿಸುವ ಯೋಚನೆ ಬರುತ್ತಿದ್ದುದು ಮನೆಯಲ್ಲಿ ಮದುವೆ ಗೊತ್ತಾದಾಗ. ಅಷ್ಟು ಹೊತ್ತಿಗೆ ಕೆನ್ನೆಯೂ ಒಳಸರಿದಿರುತ್ತಿತ್ತು, ದವಡೆಯೂ ಇಳಿದಿರುತ್ತಿತ್ತು.

ಕಟ್ಟಿಸುವುದೆಂದರೆ ಆಗ ಸೆಟ್ಟು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲೇ ಶುರುವಾಗಿತ್ತು. ಆದರೆ ಹಳ್ಳಿಯವರ ಪಾಲಿಗೆ ಪೇಟೆ ಬೀದಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹಲ್ಲಿನ ಸಾಲು ಇಟ್ಟುಕೊಂಡು ಕೂತ ಕಸುಬುದಾರನೇ ಹತ್ತಿರದವನು. ನೋಂದಣಿ ಬೇಕೆಂಬ 1948ರ ಕಾಯ್ದೆ ಆ ಬೀದಿಯವರೆಗೆ ಬಂದದ್ದು ಕಡಿಮೆ. ಬಿಸಿನೀರಿನಲ್ಲಿ ಮೆತ್ತಗಾದ ಮೇಣದಂಥ ಮುದ್ದೆಯನ್ನು ವಸಡಿಗೊತ್ತಿ ಅಚ್ಚು ತೆಗೆಯುವುದು, ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿಯುವುದು, ಗುಲಾಬಿ ಅಕ್ರಿಲಿಕ್‌ನಲ್ಲಿ ಹಲ್ಲು ಕೂರಿಸುವುದು. ಕೆಲವು ವರ್ಷಗಳಲ್ಲಿ ಸೆಟ್ಟು ಸಡಿಲಾಗಿ ಗೂಡು ಸೇರುತ್ತಿತ್ತು. ಬೈಗುಳ ಮಾಡಿಕೊಟ್ಟವನಿಗೆ, ತಪ್ಪು ಬಹಳ ಸಲ ಕೆಳಗೆ ಕರಗುತ್ತಲೇ ಇದ್ದ ಮೂಳೆಯದು. ಅಚ್ಚು ವಸಡಿನ ಆಕಾರ ಹೇಳುತ್ತಿತ್ತೇ ಹೊರತು ಒಳಗಿನ ಮೂಳೆಯದನ್ನಲ್ಲ.

ಸ್ವೀಡನ್ನಿನ ಬ್ರೋನೆಮಾರ್ಕ್ ಟೈಟಾನಿಯಂ ಮೂಳೆಗೆ ಬೆಸೆದುಕೊಳ್ಳುತ್ತದೆಂದು ಕಂಡುಕೊಂಡು, 1965ರಲ್ಲಿ ಮೊದಲ ರೋಗಿಯ ದವಡೆಯಲ್ಲಿ ಇಂಪ್ಲಾಂಟ್, ಅಂದರೆ ಹಲ್ಲಿನ ಬೇರಿನ ಬದಲಿಗೆ ನಿಲ್ಲುವ ಟೈಟಾನಿಯಂ ತಿರುಪು, ನೆಟ್ಟರು. ಈ ಚಿಕಿತ್ಸೆ ಬೆಂಗಳೂರು, ತುಮಕೂರಿನವರೆಗೆ ಬಂದಾಗಲೇ ಹಳೆಯ ತಡದ ಬೆಲೆ ಗೊತ್ತಾದದ್ದು. ಸುಮಾರು 4 ಮಿಲಿಮೀಟರ್ ದಪ್ಪದ ತಿರುಪು ನಿಲ್ಲಲು ಎರಡೂ ಬದಿಗೆ ಒಂದೊಂದೂವರೆ ಮಿಲಿಮೀಟರ್ ಮೂಳೆಯಾದರೂ ಬೇಕು. ಮೇಲ್ದವಡೆಯ ಹಿಂಬದಿಯಲ್ಲಿ ಸೈನಸ್ಸಿನ ಪೊಳ್ಳು, ಕೆಳದವಡೆಯಲ್ಲಿ ತುಟಿಗೆ ಸ್ಪರ್ಶ ಕೊಡುವ ನರದ ಕಾಲುವೆ. ಇಡೀ ದವಡೆಯನ್ನು ಚಪ್ಪಟೆಯಾಗಿ ಹರವುವ ಎಕ್ಸ್‌ರೇಯಲ್ಲಿ ಎತ್ತರ ಕಂಡರೂ ದಪ್ಪ ಕಾಣದು. ವಸಡು ಬಿಡಿಸಿ ನೋಡಿದಾಗ ಮೂಳೆ ಕತ್ತಿಯಲಗಿನಷ್ಟು ತೆಳ್ಳಗಿರುವುದು ವೈದ್ಯರಿಗೆ ಅಪರೂಪದ ಅನುಭವವಾಗಿರಲಿಲ್ಲ.

1990ರ ದಶಕದ ಕೊನೆಯಲ್ಲಿ ಯುರೋಪಿನಲ್ಲಿ ಬಂದ, ಮೂಳೆಯ ದಪ್ಪವನ್ನೂ ತೋರಿಸುವ ಕೋನ್ ಬೀಮ್ ಸಿ.ಟಿ. ಸ್ಕ್ಯಾನ್ ಈ ಕತ್ತಲೆಯನ್ನು ಕಳೆಯಿತು. ಈಗ ಸ್ಕ್ಯಾನನ್ನೂ, ಬಾಯೊಳಗಿನ ಸ್ಕ್ಯಾನರ್ ತೆಗೆದ ವಸಡಿನ ರೂಪವನ್ನೂ ಕಂಪ್ಯೂಟರ್ ಪರದೆಯ ಮೇಲೆ ಒಂದಕ್ಕೊಂದು ಕೂಡಿಸುತ್ತಾರೆ. ಕೆಲಸ ಹಿಂದುಮುಂದಾಗಿದೆ: ಮೊದಲು ಬೇಕಾದ ಹಲ್ಲನ್ನು ಪರದೆಯಲ್ಲಿ ಇಟ್ಟು, ಅದರ ಕೆಳಗೆ ಇಂಪ್ಲಾಂಟ್ ಇಳಿಸಿ, ಆಮೇಲೆ ಎಷ್ಟು ಮೂಳೆ ಸಾಲದೆಂದು ಅಳೆಯುತ್ತಾರೆ. ಸಾಲದ ಭಾಗಕ್ಕೆ ರೋಗಿಯದೇ ದವಡೆಯ ಹಿಂಬದಿಯಿಂದಲೋ ಗದ್ದದಿಂದಲೋ ತುಂಡು ತೆಗೆಯಬಹುದು. ಎಲ್ಲಿ, ಎಷ್ಟು ಆಳ ಕೊಯ್ಯಬೇಕೆಂದು ತೋರಿಸುವ ಅಚ್ಚನ್ನು ಮೊದಲೇ ಮುದ್ರಿಸಿಕೊಳ್ಳುತ್ತಾರೆ. ಇಲ್ಲವೇ ಮೂಳೆಪುಡಿ ತುಂಬಿ, ಆ ದವಡೆಯ ಅಳತೆಗೇ ಮಾಡಿಸಿದ ಟೈಟಾನಿಯಂ ಜಾಲರಿ ಮುಚ್ಚುತ್ತಾರೆ. ಹೀಗೆ ಮಾಡಿದ ಮೂಳೆ ಕಸಿ ಮಾಗಲು ಸಾಮಾನ್ಯವಾಗಿ 4ರಿಂದ 6 ತಿಂಗಳು, ಸೈನಸ್ಸಿನಲ್ಲಾದರೆ ಇನ್ನೂ ಹೆಚ್ಚು. ನೆಟ್ಟ ಇಂಪ್ಲಾಂಟ್ ಬೆಸೆಯಲು ಮತ್ತೆ ಕೆಲವು ತಿಂಗಳು.

ಪುಡಿ ಹಲವು ಸಲ ದನದ ಮೂಳೆಯನ್ನು ಶುದ್ಧಗೊಳಿಸಿ ಮಾಡಿದ್ದು. ಇದನ್ನು ಕೂರಿಸುವ ಮೊದಲೇ ಬಾಯಿಬಿಟ್ಟು ಹೇಳಿ ಒಪ್ಪಿಗೆ ಪಡೆಯಬೇಕು. ಬೇಡವೆನ್ನುವವರಿಗೆ ಬೇರೆ ಪುಡಿಗಳಿವೆ. ಇಂಪ್ಲಾಂಟಿಗೆ ಕಂಪ್ಯೂಟರಿನ ಅಚ್ಚು ಹಿಡಿದೇ ಕೊರೆದರೂ ಸರಾಸರಿ ಒಂದು ಮಿಲಿಮೀಟರಿನಷ್ಟು ಆಚೀಚೆ ಆಗುತ್ತದೆ. ನರದಿಂದ 2 ಮಿಲಿಮೀಟರ್ ದೂರ ಬಿಡುವುದು ಅದಕ್ಕೇ. ಇನ್ನು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯನ್ನೂ ದಿನದ ಬೀಡಿಕಟ್ಟನ್ನೂ ಯಾವ ಸಾಫ್ಟ್‌ವೇರೂ ಸರಿಮಾಡದು. ಕಸಿ ಕೆಡುವ ಕಾರಣಗಳಲ್ಲಿ ಇವೇ ಮುಂದು.

ಖರ್ಚಿನ ಮಾತು ಬಂದರೆ ಸೆಟ್ಟೇ ಮತ್ತೆ ಎದುರಾಗುತ್ತದೆ. ಸರ್ಕಾರದ ದಂತಭಾಗ್ಯ ಯೋಜನೆ ಬಡ ಹಿರಿಯರಿಗೆ ಉಚಿತವಾಗಿ ಕೊಟ್ಟದ್ದೂ ಅದನ್ನೇ. ಆದರೆ ಸ್ಕ್ಯಾನ್ ಕೆಲವೊಮ್ಮೆ ಕಸಿಯೇ ಬೇಡವೆಂದೂ ತೋರಿಸುತ್ತದೆ. ಕೆಳದವಡೆಯ ಮುಂಭಾಗದ ಮೂಳೆ ವಯಸ್ಸಾದರೂ ಸಾಕಷ್ಟು ಉಳಿದಿರುವುದುಂಟು. ಅಲ್ಲಿ ಎರಡೇ ಇಂಪ್ಲಾಂಟ್ ನೆಟ್ಟು, ಸೆಟ್ಟನ್ನು ರವಿಕೆಯ ಟಿಚ್ ಬಟನ್ ಹಾಕಿದ ಹಾಗೆ ಅವಕ್ಕೆ ಒತ್ತಿ ಕೂರಿಸುತ್ತಾರೆ.