ಕಲ್ಲಿನಿಂದ ಕಲ್ಲಿಗೆ ನಾಲ್ಕು ನಿಮಿಷ

ಬೈಲಹೊಂಗಲದಿಂದ ಬೆಳಗಾವಿ ಹಾದಿ ಹಿಡಿದು ನಸುಕಿನಲ್ಲಿ ಅಡ್ಡಾಡಲು ಹೋಗುವುದು ನನ್ನ ರೂಢಿ. ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿಗೆ ನನಗೆ ಹನ್ನೆರಡು ನಿಮಿಷ ಹಿಡಿಯುತ್ತದೆ. ಅಷ್ಟು ದೂರವನ್ನು ನಾಲ್ಕೇ ನಿಮಿಷದಲ್ಲಿ ದಾಟಿದವರೊಬ್ಬರಿದ್ದರು. ಒಂದು ಸಲವಲ್ಲ, ಅದೇ ಸರಾಸರಿಯಲ್ಲಿ ನಲವತ್ತೆರಡು ಸಲ, ಮೇಲೆ ಇನ್ನಷ್ಟು.

ಫಡೆಪ್ಪ ಧರೆಪ್ಪ ಚೌಗುಲೆ, ಬೆಳಗಾವಿಯವರು. 1920ರ ಆಗಸ್ಟ್ 22ರಂದು ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿ, 2 ಗಂಟೆ 50 ನಿಮಿಷ 45 ಸೆಕೆಂಡಿಗೆ ಮುಗಿಸಿದರು. ಗುರಿ ಮುಟ್ಟಿದ 35 ಜನರಲ್ಲಿ ಅವರು 19ನೆಯವರು. ಗೆದ್ದದ್ದು ಫಿನ್ಲೆಂಡಿನ ಕೊಲೆಹ್ಮೈನೆನ್. ಆ ವರ್ಷದ ಹಾದಿ 42.75 ಕಿಲೋಮೀಟರ್, ಇಂದಿನ ಮ್ಯಾರಥಾನಿಗಿಂತ 555 ಮೀಟರ್ ಹೆಚ್ಚು. ಫಡೆಪ್ಪನವರ ವೇಗಕ್ಕೆ ಅದು ಎರಡು ನಿಮಿಷದ ಮೇಲಿನ ಮಾತು. ಆ ಎರಡು ನಿಮಿಷವನ್ನು ಅವರ ಲೆಕ್ಕದಿಂದ ಕಳೆಯಬೇಕೆಂದು ನನ್ನ ಜೀವ ಹಟ ಹಿಡಿಯುತ್ತದೆ.

ಅವರಿಗೆ ಈ ದಾರಿ ತೆರೆದದ್ದು ಪುಣೆಯ ಡೆಕ್ಕನ್ ಜಿಮ್ಖಾನಾ. 1919ರಲ್ಲಿ ಅಲ್ಲಿಯ ಪಂದ್ಯಗಳನ್ನು ನೋಡಿದ ದೊರಾಬ್ಜಿ ಟಾಟಾ, ಹೊಲದಲ್ಲಿ ದುಡಿಯುವ ಹುಡುಗರು ಬರಿಗಾಲಲ್ಲಿ ಓಡುವುದನ್ನು ಕಂಡು ಬೆರಗಾದರು. ಇವರನ್ನು ಒಲಿಂಪಿಕ್ಸಿಗೆ ಕಳಿಸಲೇಬೇಕೆಂದು ಸರ್ಕಾರದ ಬೆನ್ನು ಹತ್ತಿದರು, ತಮ್ಮ ಕೈಯಿಂದಲೂ ರೊಕ್ಕ ಹಾಕಿದರು. ಮರುವರ್ಷ ಹೊರಟವರು ಆರು ಜನ: ನಾಲ್ವರು ಓಟಗಾರರು, ಇಬ್ಬರು ಪೈಲವಾನರು.

ಬರಿಗಾಲು ಎಂದರೇನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಭಾರತ ಹುಣ್ಣಿಮೆ ಹತ್ತಿರ ಬಂದರೆ ಸವದತ್ತಿಯ ಹಾದಿ ತುಂಬ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೊರಟವರು. ಒಂದು ವರ್ಷ ಬೇವಿನ ಗಿಡದ ಬುಡದಲ್ಲಿ ಕಾಲು ಚಾಚಿ ಕೂತ ಮುದುಕಿಯ ಅಂಗಾಲು ನೋಡಿದೆ. ಹಿಮ್ಮಡಿ ಎರೆಹೊಲದಂತೆ ಬಿರಿದಿತ್ತು, ಬಿರುಕಿನೊಳಗೆ ಭಂಡಾರದ ಅರಿಸಿನ ಕೂತಿತ್ತು.

“ಕಾಲು ಸುಡೂದಿಲ್ಲೇನು ಆಯೀ?” ಎಂದೆ.

“ಬಿಸಿಲು ಏರೂಮಟಾ ನಡೀತೀವಿ, ಆಮ್ಯಾಗ ಕೂಡ್ತೀವಿ. ಒಮ್ಮಿಗೇ ಓಡಿದ್ರ ಗುಡ್ಡ ಮುಟ್ತದೇನು ತಮ್ಮಾ?”

ದೂರದ ಓಟದ ವಿದ್ಯೆಯೆಲ್ಲ ಆ ಮಾತಿನಲ್ಲಿತ್ತು. ಫಡೆಪ್ಪನವರ ಕಾಲಿಗೂ ಈ ತಿಳಿವು ಇದ್ದಿರಬೇಕು. ಇಲ್ಲದಿದ್ದರೆ ಪರದೇಶದ ಹಾದಿಯಲ್ಲಿ ಕಡೆಯತನಕ ಉಳಿಯುವುದು ಆಗದ ಮಾತು. ಅವರ ಒಲಿಂಪಿಕ್ಸ್ ಬಾಳು ಆ ಒಂದೇ ಬೇಸಿಗೆಯದು. 1924ರಲ್ಲಿ ಪ್ಯಾರಿಸ್ಸಿಗೆ ಹೋದ ತಂಡದಲ್ಲಿ ಅವರಿರಲಿಲ್ಲ.

ಕಿತ್ತೂರು ಉತ್ಸವದ ಕುಸ್ತಿ ಕಣದಲ್ಲಿ ಗೆದ್ದ ಪೈಲವಾನನನ್ನು ಜನ ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಅದು ಆಗಲೇಬೇಕು. ಆದರೆ ಓಡುವವನಿಗೆ ಸುತ್ತುಗಟ್ಟಿದ ಕಣವಿಲ್ಲ. ನೋಡುವವರ ಕಣ್ಣಿಗೆ ಆತ ಅರೆಗಳಿಗೆ ಬಿದ್ದು ಮುಂದೆ ಸಾಗಿಬಿಡುತ್ತಾನೆ. ಹತ್ತೊಂಬತ್ತನೆಯವನಂತೂ ಊರವರ ಬಾಯಲ್ಲೂ ಉಳಿಯುವುದಿಲ್ಲ. ಅದು ನನಗೆ ಸಂಕಟದ ಸಂಗತಿ. ನಮ್ಮ ಜಿಲ್ಲೆಯ ಮಕ್ಕಳು ಕೊಲೆಹ್ಮೈನೆನ್ ಹೆಸರು ಮರೆತರೆ ಮರೆಯಲಿ, ಫಡೆಪ್ಪನವರದು ಗೊತ್ತಿರಬೇಕು.

ಬೆಳಗಾವಿ 43 ಎಂದು ಬರೆದ ಕಲ್ಲಿನ ಹತ್ತಿರ ದಿನಾಲೂ ಒಂದು ಗಳಿಗೆ ನಿಲ್ಲುತ್ತೇನೆ. ಆಗ ಗಡಿಯಾರದಲ್ಲಿ ಆರು ಗಂಟೆ. ಇಲ್ಲಿಂದ ಬಸ್ಸಿಗೂ ತಾಸಿನ ಮೇಲೆ ಬೇಕು. ಈಗ ಹೊರಟರೆ ಫಡೆಪ್ಪ ಒಂಬತ್ತು ಹೊಡೆಯುವುದರೊಳಗೆ ತಮ್ಮೂರಲ್ಲಿರುತ್ತಾರೆ.