ಆಮೆಗೊಂದು ಹುದ್ದೆ

ಕಾಶಿಯನ್ನು ಕುರಿತು ಕನ್ನಡದಲ್ಲಿ ಬರೆದವರೆಲ್ಲ ಹೆಚ್ಚಾಗಿ ಗಂಗೆಯ ಪಶ್ಚಿಮ ದಡದಲ್ಲಿ ನಿಂತೇ ಬರೆದಿದ್ದಾರೆ. ಘಾಟುಗಳು, ವಿಶ್ವನಾಥನ ಗುಡಿ, ಜಂಗಮವಾಡಿ ಮಠ, ದಕ್ಷಿಣದವರು ತಲೆಮಾರುಗಳಿಂದ ನೆಲೆಸಿರುವ ಹನುಮಾನ್ ಘಾಟಿನ ಓಣಿಗಳು, ಎಲ್ಲವೂ ಇರುವುದು ಆ ದಡದಲ್ಲೇ. ಎದುರಿನ ದಡದಲ್ಲಿ ನೋಡುವುದಕ್ಕೆ ಮರಳಲ್ಲದೆ ಬೇರೇನೂ ಇಲ್ಲ. ಊರಿನಿಂದ ಬಂದ ನೆಂಟರನ್ನು ದೋಣಿಯಲ್ಲಿ ಅಲ್ಲಿಗೆ ಕರೆದೊಯ್ದರೆ, ಎರಡು ನಿಮಿಷ ನಿಂತು ‘ಇಲ್ಲೇನಿದೆ?’ ಎನ್ನುತ್ತಾರೆ. ಆದರೆ ರಾಮನಗರದ ಕೋಟೆಯಿಂದ ರಾಜಘಾಟಿನ ಮಾಳವೀಯ ಸೇತುವೆಯವರೆಗಿನ 7 ಕಿಲೋಮೀಟರ್ ಗಂಗೆ 1989ರಿಂದ 2020ರವರೆಗೆ ಆಮೆಗಳ ಅಭಯಧಾಮವಾಗಿತ್ತು. ಇಲ್ಲಿ ಬದುಕುತ್ತಿರುವ ನಮ್ಮಂಥ ಕನ್ನಡಿಗರಲ್ಲೂ ಅನೇಕರಿಗೆ ಇದು ತಿಳಿಯದು.

ಅದು ಹುಟ್ಟಿದ ಬಗೆ ಸ್ವಾರಸ್ಯಕರವಾದುದು. 1986ರ ಜೂನ್ 14ರಂದು ಇದೇ ಊರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ಗಂಗಾ ಕ್ರಿಯಾ ಯೋಜನೆಗೆ ಚಾಲನೆ ಕೊಟ್ಟರು. ನದಿಯನ್ನು ಮಲಿನಗೊಳಿಸುತ್ತಿದ್ದವುಗಳಲ್ಲಿ ಅರೆಬೆಂದ ಹೆಣಗಳೂ ಸೇರಿದ್ದವು. ಮಾಂಸ ತಿನ್ನುವ ಮೃದುಚಿಪ್ಪಿನ ಆಮೆಗಳನ್ನು ನೀರಿಗೆ ಬಿಟ್ಟರೆ ಅವು ಆ ಕೆಲಸವನ್ನು ಮಾಡಿಯಾವು ಎಂಬ ಆಲೋಚನೆ ಮೂಡಿತು. ಚಂಬಲ್ ಕಡೆಯಿಂದ ಮೊಟ್ಟೆಗಳನ್ನು ತರಿಸಿ, ಸಾರನಾಥದ ಕೇಂದ್ರದಲ್ಲಿ ಮರಿ ಮಾಡಿಸಿ, ಬೆಳೆಸಿ, ಸಾವಿರಾರು ಆಮೆಗಳನ್ನು ಗಂಗೆಗೆ ಬಿಟ್ಟರು. ಕಡತಗಳ ನಡುವೆ ಬಾಳುವ ನಮಗೆ ಇದರ ಭಾಷೆ ಚೆನ್ನಾಗಿ ಪರಿಚಿತ. ಹುದ್ದೆ ಸೃಷ್ಟಿಯಾಯಿತು, ನೇಮಕಾತಿ ನಡೆಯಿತು, ಕರ್ತವ್ಯದ ಪಟ್ಟಿಯೂ ಸಿದ್ಧವಾಯಿತು.

ಜೀವಶಾಸ್ತ್ರದಲ್ಲಿಯೂ ಹುದ್ದೆಯ ಮಾತು ಬರುತ್ತದೆ. ಆವಾಸವೆಂದರೆ ಜೀವಿಯ ವಿಳಾಸ, ‘ನಿಚ್’ ಎಂದರೆ ಅದರ ಉದ್ಯೋಗ ಎಂದು ಅಮೆರಿಕದ ಪರಿಸರ ವಿಜ್ಞಾನಿ ಯೂಜೀನ್ ಓಡಮ್ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟರು. ಮೂರು ವರ್ಷಕ್ಕೊಮ್ಮೆ ವಿಳಾಸ ಬದಲಿಸಿ ಉದ್ಯೋಗವನ್ನು ಉಳಿಸಿಕೊಳ್ಳುವ ನಮ್ಮಂಥ ವರ್ಗಾವಣೆಯ ಕುಟುಂಬಗಳಿಗೆ ಈ ಹೋಲಿಕೆ ಥಟ್ಟನೆ ಹಿಡಿಸುತ್ತದೆ. ಆದರೆ ಹಿಡಿಸಿದಷ್ಟೇ ಬೇಗ ದಾರಿ ತಪ್ಪಿಸುತ್ತದೆ ಕೂಡ. ಉದ್ಯೋಗವನ್ನು ಕೊಡುವವನೊಬ್ಬ ಇರುತ್ತಾನೆ. ನಿಚ್ ಅನ್ನು ಯಾರೂ ಕೊಡುವುದಿಲ್ಲ. ಇಂಗ್ಲಿಷಿಗೆ ಈ ಪದ ಬಂದದ್ದು ಫ್ರೆಂಚಿನಿಂದ. ಗೋಡೆಯಲ್ಲಿ ವಿಗ್ರಹವಿಡುವ ಗೂಡು ಎಂಬುದು ಅದರ ಮೊದಲ ಅರ್ಥ. ನಮ್ಮ ಹಳೆಯ ಮನೆಗಳ ಗೋಡೆಯಲ್ಲಿ ದೀಪಕ್ಕೆಂದು ಬಿಡುತ್ತಿದ್ದ ಗೂಡನ್ನು ನೆನೆದರೆ ಸಾಕು. 1917ರಲ್ಲಿ ಜೋಸೆಫ್ ಗ್ರಿನೆಲ್ ಕ್ಯಾಲಿಫೋರ್ನಿಯದ ಒಂದು ಹಕ್ಕಿಯನ್ನು ಕುರಿತು ಬರೆಯುವಾಗ ಈ ಪದವನ್ನು ಬಳಸಿದರು. 1927ರಲ್ಲಿ ಚಾರ್ಲ್ಸ್ ಎಲ್ಟನ್, ಜೀವಿಯು ತಿನ್ನುವ ಮತ್ತು ಅದನ್ನು ತಿನ್ನುವ ಸಂಬಂಧಗಳನ್ನು ಅದರೊಳಗೆ ತಂದರು. ಹಾಗಾಗಿ ಗೂಡು ಎಂದರೆ ಒಂದು ಕೆಲಸವಷ್ಟೇ ಅಲ್ಲ. ತಿನಿಸು, ಶತ್ರು, ನೀರಿನ ಆಳ, ಮೊಟ್ಟೆಯಿಡುವ ನೆಲ, ಋತುಮಾನ ಎಲ್ಲವೂ ಸೇರಿ ಆಗುವ ಒಂದು ಬದುಕು.

ಆಮೆಯ ಗೂಡು ಎಷ್ಟು ಹಳೆಯದೆಂದು ಅದರ ಮೈಯೇ ಹೇಳುತ್ತದೆ. ಚೀನಾದಲ್ಲಿ ದೊರೆತ 22 ಕೋಟಿ ವರ್ಷ ಹಿಂದಿನ ಆಮೆಯ ಪಳೆಯುಳಿಕೆಯಲ್ಲಿ ಹೊಟ್ಟೆಯ ಕಡೆಯ ಚಿಪ್ಪು ಪೂರ್ಣವಾಗಿದ್ದು, ಬೆನ್ನಿನದು ಇನ್ನೂ ಅರೆಯಾಗಿದೆ. ಆಮೆಯ ಬೆನ್ನಚಿಪ್ಪು ಹೊರಗಿನಿಂದ ಹೊದ್ದ ಹೊದಿಕೆಯಲ್ಲ; ಪಕ್ಕೆಲುಬುಗಳೇ ಅಗಲವಾಗಿ ಬೆಳೆದು ಆದದ್ದು. ಅಷ್ಟು ಕಾಲ ತೆಗೆದುಕೊಂಡು ಕಟ್ಟಿದ ಕೋಟೆಯನ್ನು ಗಂಗೆಯ ಮೃದುಚಿಪ್ಪಿನ ಆಮೆಯ ಪೂರ್ವಜರು ಮತ್ತೆ ಸಡಿಲಿಸಿಕೊಂಡರು. ಗಟ್ಟಿ ಫಲಕಗಳು ಹೋಗಿ ಚರ್ಮದ ಹೊದಿಕೆ ಬಂತು, ಮೈ ಚಪ್ಪಟೆಯಾಯಿತು, ಮೂಗು ಸಣ್ಣ ಕೊಳವೆಯಂತೆ ಮುಂದೆ ಚಾಚಿತು. ಮರಳಿನಲ್ಲಿ ಹುದುಗಿ ಮೂಗಿನ ತುದಿಯನ್ನಷ್ಟೇ ಮೇಲಕ್ಕೆ ಚಾಚಿ ಉಸಿರಾಡುವುದಕ್ಕೆ ಈ ಮೈ ಹೇಳಿ ಮಾಡಿಸಿದಂತಿದೆ ಎನ್ನಬೇಕೆನಿಸುತ್ತದೆ. ಹೇಳಿದವರೂ ಇಲ್ಲ, ಮಾಡಿಸಿದವರೂ ಇಲ್ಲ ಎಂಬುದೇ ಡಾರ್ವಿನ್ ಕಲಿಸಿದ ಪಾಠ. ವಿಕಾಸವನ್ನು ಮೇಲಕ್ಕೇರುವ ಏಣಿಯೆಂದು ತಿಳಿದವರು ಚಿಪ್ಪನ್ನು ಕಳೆದುಕೊಂಡು ಗೆದ್ದ ಈ ಪ್ರಾಣಿಯನ್ನು ಒಮ್ಮೆ ನೋಡಬೇಕು.

ಈ ಆಮೆ ಹೆಣದ ಮಾಂಸವನ್ನು ತಿನ್ನುವುದು ನಿಜ. ಮೀನು, ಕಪ್ಪೆ, ನೀರಿನ ಗಿಡಗಳನ್ನೂ ತಿನ್ನುತ್ತದೆ. ಆದರೆ ಗಂಗೆಯ ದೊಡ್ಡ ಹೊರೆ ಹೆಣಗಳದ್ದಲ್ಲ, ಊರಿನ ಚರಂಡಿಗಳದ್ದು. ಚರಂಡಿಯ ನೀರಿನಲ್ಲಿ ಕರಗಿ ಬರುವ ಕೊಳೆಯನ್ನು ಆಮೆ ಕಚ್ಚಿ ತಿನ್ನಲಾರದು. ಅದನ್ನು ಒಡೆಯುವವು ಬ್ಯಾಕ್ಟೀರಿಯಗಳು. ಒಡೆಯುತ್ತ ಅವು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಕೊಳೆ ಹೆಚ್ಚಿದಷ್ಟೂ ಮೀನಿನ ಪಾಲಿನ ಉಸಿರು ಕಡಿಮೆಯಾಗುತ್ತದೆ. ಪಠ್ಯದಲ್ಲಿ ಬಿ.ಓ.ಡಿ. ಎಂಬ ಮೂರಕ್ಷರದಲ್ಲಿ ಬರುವುದು ಇದೇ ಲೆಕ್ಕ. ಊರು ಮಾಡಬೇಕಾದ ಕೆಲಸ ಆಮೆಯ ಕರ್ತವ್ಯಪಟ್ಟಿಗೆ ಸೇರುವಂಥದ್ದಾಗಿರಲಿಲ್ಲ.

ಮುಂದೆ ಮರಳು ತೆಗೆಯುವ ವಿಚಾರ, ಜನದಟ್ಟಣೆ, ಹಲ್ದಿಯಾದಿಂದ ಪ್ರಯಾಗದವರೆಗಿನ ರಾಷ್ಟ್ರೀಯ ಜಲಮಾರ್ಗ 1ರ ಹಡಗುಗಳು, ಎಲ್ಲವೂ ಚರ್ಚೆಗೆ ಬಂದವು. 2018ರಲ್ಲಿ ರಾಮನಗರದ ಸರಕು ನಿಲ್ದಾಣ ಉದ್ಘಾಟನೆಯಾಯಿತು. 2020ರಲ್ಲಿ ಕಾಶಿಯ ಅಭಯಧಾಮದ ಅಧಿಸೂಚನೆ ರದ್ದಾಗಿ, ಪ್ರಯಾಗರಾಜ್, ಮಿರ್ಜಾಪುರ, ಭದೋಹಿ ಜಿಲ್ಲೆಗಳ 30 ಕಿಲೋಮೀಟರ್ ಗಂಗೆ ಹೊಸ ಧಾಮವಾಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹುದ್ದೆಗೆ ವರ್ಗಾವಣೆಯಾಯಿತು. ಆದರೆ ಇಲ್ಲಿದ್ದ ಆಮೆಗಳಿಗೆ ಆದೇಶದ ಪ್ರತಿ ತಲಪುವುದಿಲ್ಲವಲ್ಲ.

ನಮ್ಮ ಮಗಳು ಈ ವರ್ಷ ಹನ್ನೆರಡನೆಯ ತರಗತಿಯಲ್ಲಿದ್ದಾಳೆ. ಅವಳ ಜೀವಶಾಸ್ತ್ರದ ಪುಸ್ತಕದಲ್ಲಿ ಪರಿಸರ ವಿಭಾಗ ತೆರೆದುಕೊಳ್ಳುವುದು ರಾಮದೇವ ಮಿಶ್ರರ (1908–1998) ಪರಿಚಯದೊಂದಿಗೆ. ಭಾರತೀಯ ಪರಿಸರ ವಿಜ್ಞಾನದ ಪಿತಾಮಹರೆನಿಸಿದ ಅವರು ಲೀಡ್ಸ್‌ನಲ್ಲಿ ಡಾಕ್ಟರೇಟ್ ಪಡೆದು, ಇದೇ ಊರಿನ ಹಿಂದೂ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಪರಿಸರ ಅಧ್ಯಯನವನ್ನು ಕಟ್ಟಿದವರು. ಜೀವವೈವಿಧ್ಯವನ್ನು ಏಕೆ ಉಳಿಸಬೇಕೆಂಬುದಕ್ಕೆ ಆ ಪುಸ್ತಕ ಮೂರು ಬಗೆಯ ಕಾರಣಗಳನ್ನು ಕೊಡುತ್ತದೆ. ಆಹಾರ, ಔಷಧಿಯಂಥ ನೇರ ಉಪಯೋಗ ಒಂದು; ಪರಾಗಸ್ಪರ್ಶ, ಆಮ್ಲಜನಕದಂಥ ವಿಶಾಲ ಉಪಯೋಗ ಇನ್ನೊಂದು; ನೈತಿಕ ಕಾರಣ ಮೂರನೆಯದು. ಓದುತ್ತಿದ್ದವಳು ತಲೆಯೆತ್ತಿ, “ಅಜ್ಜ, ಆಮೆಯಿಂದ ಆ ಕೆಲಸ ಆಗದಿದ್ದರೆ ಅದು ಯಾಕೆ ಬೇಕು?” ಎಂದು ಕೇಳಿದಳು.

ಅಜ್ಜ ಎಂದರೆ ನಮ್ಮ ತಂದೆಯವರು. ಕೊಪ್ಪದ ಕಡೆಯವರು, ನಿವೃತ್ತ ಶಾಲಾ ಮೇಷ್ಟ್ರು. ಅಮ್ಮ ತೀರಿಕೊಂಡ ಮೇಲೆ ನಮ್ಮೊಡನೆ ಇಲ್ಲಿಗೆ ಬಂದರು. ಹಿಂದಿ ಹೆಚ್ಚು ಬಾರದು, ತೋಟವಿಲ್ಲ, ಮಾತಾಡಿಸುವ ಹಳೆಯ ಶಿಷ್ಯರಿಲ್ಲ. “ನನಗಿಲ್ಲಿ ಏನು ಕೆಲಸ?” ಎಂದು ಆಗಾಗ ಅನ್ನುತ್ತಿರುತ್ತಾರೆ. ಆ ಮಾತಿಗೆ ನಾವು ಹೊರಗಿನಿಂದ ಹಾಲು ತರುವ, ಮಗಳಿಗೆ ಕನ್ನಡ ಓದಿಸುವ ಸಣ್ಣಪುಟ್ಟ ಕೆಲಸಗಳನ್ನು ಹುಡುಕಿ ಕೊಡುತ್ತ ಬಂದಿದ್ದೇವೆ. ಅಂದು ಅವರು ಮೊಮ್ಮಗಳಿಗೆ ಕೊಟ್ಟ ಉತ್ತರ ಹೀಗಿತ್ತು: “ಶೃಂಗೇರಿಯ ಹೊಳೆಯ ಮೀನು ಏನು ಕೆಲಸ ಮಾಡುತ್ತೆ ಪುಟ್ಟಿ? ನಾವೇ ಮಂಡಕ್ಕಿ ಹಾಕಬೇಕು. ಆದರೂ ಅದನ್ನ ಯಾರೂ ಹಿಡಿಯಲ್ಲ. ಅದು ಅಲ್ಲಿದೆ, ಅಷ್ಟೇ.”

ಪರೀಕ್ಷೆಗೆ ಈ ಉತ್ತರ ಸಾಲದು. ಭಕ್ತಿ ಕಾಯುವುದು ಗುಡಿಯ ಮುಂದಿನ ತುಂಗೆಯನ್ನು ಮಾತ್ರ. ಮೀನಿಗೆ ಬೇಕಾದದ್ದು ಮೊಟ್ಟೆಯಿಡುವ ಮೇಲ್ದಂಡೆಯ ತಿಳಿನೀರಿನಿಂದ ಹಿಡಿದು ಇಡೀ ಹೊಳೆ. ಆಮೆಗೂ ನೀರಷ್ಟೇ ಸಾಲದು, ದಡ ಬೇಕು, ಕಾಲ ಬೇಕು. ಅಜ್ಜನ ಮಾತಿನ ಜೊತೆಗೆ ಮಿಶ್ರರಂಥವರ ವಿಜ್ಞಾನವೂ ಕೂಡಬೇಕು. ಆದರೆ ಕೂಡುವಾಗ ಮೂರನೆಯ ಕಾರಣವನ್ನು ಮೊದಲು ಇಡಬೇಕೆಂದು ನಮಗನ್ನಿಸುತ್ತದೆ. ಉಪಯೋಗವನ್ನೇ ಮುಂದಿಟ್ಟು ಉಳಿಸಿದ್ದನ್ನು, ಉಪಯೋಗ ಮುಗಿಯಿತೆಂದು ಕೈಬಿಡುವುದು ಬಹಳ ಸುಲಭ. ಕಾಶಿಯ ಈ 7 ಕಿಲೋಮೀಟರುಗಳಲ್ಲಿ ನಾವು ಅದನ್ನೇ ಕಂಡಿದ್ದೇವೆ.

ಗಂಗೆಯ ಮೃದುಚಿಪ್ಪಿನ ಆಮೆ ಇಂದಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿದೆ. ಹುದ್ದೆ ಹೋದರೂ ಜೀವಕ್ಕೆ ರಕ್ಷಣೆ ಇದೆ. ಇನ್ನು ಊರಿನಿಂದ ಬರುವ ನೆಂಟರು ಎದುರು ದಡದಲ್ಲಿ ನಿಂತು ‘ಇಲ್ಲೇನಿದೆ?’ ಎಂದರೆ, ಆಮೆಗೆ ಮೊಟ್ಟೆಯಿಡುವಷ್ಟು ಮರಳಿದೆ ಎನ್ನೋಣ. ಅದು ಸಣ್ಣ ಸಂಗತಿಯಲ್ಲ.